ಕೊಬ್ಬರಿ ಹೋರಿಯ ಫ್ರಾನ್ಸ್ ನೆಂಟರು

ದೀಪಾವಳಿ ಪಾಡ್ಯದ ನಸುಕಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನಾನು. ಹಿಂದಿನ ಸಂಜೆಯೇ ಬುಟ್ಟಿ ತುಂಬ ಆಕಳ ಸಗಣಿ ತಂದಿಟ್ಟಿರುತ್ತೇನೆ. ಅದನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ಉಂಡೆ ಕಟ್ಟಿ, ತುದಿಯನ್ನು ಚೂಪು ಮಾಡಿದರೆ ಒಬ್ಬ ಪಾಂಡವ ತಯಾರು. ಐವರನ್ನೂ ಸಾಲಾಗಿ ಕೂರಿಸಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ, ಅರಿಷಿಣ ಕುಂಕುಮ ಹಚ್ಚುತ್ತೇನೆ. ಹೊಸ್ತಿಲಿನ ಎರಡೂ ಬದಿಗೆ, ದೇವರ ಮುಂದೆ, ದನದ ಹಟ್ಟಿಯ ಬಾಗಿಲಿಗೆ, ಹೀಗೆ ಮನೆ ತುಂಬ ಪಾಂಡವರು. ನಮ್ಮ ಕಡೆ ಕೆಲವರು ಇದನ್ನು ಹಟ್ಟೆವ್ವ ಎಂದು ಪೂಜಿಸುತ್ತಾರೆ. ಹೆಸರು ಯಾವುದಾದರೂ ಇರಲಿ, ಹಬ್ಬ ಮಾತ್ರ ದನಕರುಗಳದ್ದು.

ಹೋದ ದೀಪಾವಳಿಯಲ್ಲಿ ನಾನು ಭೀಮನನ್ನು ಮಾಡುತ್ತಿದ್ದೆ. (ಭೀಮನಿಗೆ ಸಗಣಿ ಸ್ವಲ್ಪ ಹೆಚ್ಚು ಬೇಕು.) ಒಂಬತ್ತನೇ ತರಗತಿ ಓದುವ ಮೊಮ್ಮಗ ಕಣ್ಣುಜ್ಜಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ.

"ಅಜ್ಜಿ, ಈ ಸಲ ನಾನೂ ಅಖಾಡಕ್ಕ ಇಳೀತೀನಿ. ಕೊಬ್ಬರಿ ಹರೀತೀನಿ."

ನನ್ನ ಕೈ ಅಲ್ಲೇ ನಿಂತಿತು.

ದಕ್ಷಿಣದ ಕಡೆಯ ಓದುಗರಿಗೆ ಇದೇನು ಮಾತು ಎನ್ನಿಸಬಹುದು. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲು, ಹಿರೇಕೆರೂರು, ಬ್ಯಾಡಗಿ, ಪಕ್ಕದ ಶಿಕಾರಿಪುರ, ಸೊರಬ, ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬವೆಂದರೆ ಜನ ಊಟ ಬಿಟ್ಟು ಓಡುತ್ತಾರೆ. ಒಣ ಕೊಬ್ಬರಿ ಬಟ್ಟಲುಗಳಿಗೆ ತೂತು ಹಾಕಿ, ಗಟ್ಟಿ ಹಗ್ಗಕ್ಕೆ ಪೋಣಿಸಿ, ಹೋರಿಯ ಕೊರಳಿಗೆ ಮಾಲೆ ಮಾಲೆಯಾಗಿ ಕಟ್ಟುತ್ತಾರೆ. ಬೆನ್ನಿಗೆ ಜರಿಯ ಜೂಲಾ, ಕೋಡಿಗೆ ಬಣ್ಣ, ರಿಬ್ಬನ್ನು, ಬಲೂನು, ಕಾಲಿಗೆ ಗೆಜ್ಜೆ. ಹಲಗೆ ಬಾರಿಸಿ, ಪಟಾಕಿ ಹಾರಿಸಿ, ಕೇಕೆ ಹಾಕಿ ಒಂದೊಂದೇ ಹೋರಿಯನ್ನು ಬಿಡುತ್ತಾರೆ. ಎರಡೂ ಬದಿಗೆ ಗೋಡೆ ಕಟ್ಟಿದಂತೆ ಜನ. ನಡುವೆ ಹೋರಿ ಬಾಣದಂತೆ ಓಡುತ್ತದೆ. ಹುಡುಗರು ಅದರ ಮೇಲೆ ಬಿದ್ದು, ಜೋತು, ಕೊಬ್ಬರಿ ಹರಿಯಬೇಕು. ಹರಿದವನಿಗೆ ಬಹುಮಾನ. ಯಾರ ಕೈಗೂ ಸಿಗದೆ ಗೆರೆ ದಾಟಿದರೆ ಬಹುಮಾನ ಹೋರಿಗೆ. ಹಿಂದೆಲ್ಲ ಒಂದು ರುಮಾಲು, ಒಂದು ಕೊಡ. ಈಗ ಬೈಕು, ಬಂಗಾರ, ತಿಜೋರಿ. ಪಾಡ್ಯದಂದು ಶುರುವಾದದ್ದು ಇವತ್ತು ಈ ಊರು, ನಾಳೆ ಆ ಊರು ಎಂದು ಮೂರು ನಾಲ್ಕು ತಿಂಗಳು ನಡೆಯುತ್ತದೆ.

ಹೋರಿಗೆ ಸಿನಿಮಾ ನಟರ ಹೆಸರು, ಹುಲಿ ಸಿಂಹಗಳ ಹೆಸರು. ಒಂದೊಂದಕ್ಕೂ ಅಭಿಮಾನಿ ಬಳಗ. ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವುದನ್ನೂ ನೋಡಿದ್ದೇನೆ. ಕೇಕು ಹೋರಿ ತಿಂದಿತೋ ಹುಡುಗರು ತಿಂದರೋ ಕೇಳಬೇಡಿ.

ನನ್ನ ಕೈ ಯಾಕೆ ನಿಂತಿತು ಎಂದರೆ, ನನ್ನ ತವರು ಹಿರೇಕೆರೂರು ತಾಲ್ಲೂಕು. ನಾನು ಏಳನೇ ತರಗತಿಯಲ್ಲಿದ್ದಾಗ ಊರ ಹೋರಿ ಹಬ್ಬದಲ್ಲಿ ನನ್ನ ಅಣ್ಣನ ತೊಡೆಗೆ ಕೋಡು ಹೊಕ್ಕಿತು. ಅವನು ಕೊಬ್ಬರಿ ಹರಿಯಲು ಇಳಿದವನಲ್ಲ. ಬದಿಯಲ್ಲಿ ನಿಂತು ನೋಡುತ್ತಿದ್ದ. ಹಿಂದಿನ ಜನ ನೂಕಿದರು, ಮುಂದೆ ಬಿದ್ದ, ಅಷ್ಟೇ. ಚಕ್ಕಡಿಯಲ್ಲಿ ಹುಲ್ಲು ಹಾಸಿ ದವಾಖಾನೆಗೆ ಒಯ್ದರು. ಜೀವ ಉಳಿಯಿತು. ಎಡಗಾಲು ಮತ್ತೆ ಸರಿಯಾಗಲಿಲ್ಲ. ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ.

ಹಾಗಂತ ನಾನು ಈ ಹಬ್ಬದ ವೈರಿಯಲ್ಲ. ನಮ್ಮಪ್ಪನೂ ಹೋರಿ ಸಾಕಿದವನೇ. ನಮಗೆ ಹಾಲು ಕಡಿಮೆಯಾದರೂ ಹೋರಿಗೆ ಹುರುಳಿ ನುಚ್ಚು, ಹತ್ತಿಕಾಳು, ಹಿಂಡಿ, ಬೆಲ್ಲ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಕೆರೆಯಲ್ಲಿ ಈಜಿಸಿ, ಬಿಸಿಲಲ್ಲಿ ಮೈ ಒಣಗಿಸಿ, ಅಂಗೈಯಲ್ಲಿ ಎಣ್ಣೆ ತಿಕ್ಕುತ್ತಿದ್ದ. ಆ ಹೋರಿ ಮುದಿಯಾಗಿ ಸತ್ತಾಗ ಊರಲ್ಲಿ ಮೆರವಣಿಗೆ ಮಾಡಿ ಹೊಲದ ಬೇವಿನ ಮರದ ಕೆಳಗೆ ಮಣ್ಣು ಕೊಟ್ಟರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಎರಡೇ ಸಲ. ಅಣ್ಣನ ಕಾಲಿಗೆ ಒಂದು ಸಲ, ಆ ಹೋರಿಗೆ ಒಂದು ಸಲ.

ಮೊಮ್ಮಗನಿಗೆ "ಬ್ಯಾಡ" ಎಂದೆ. "ಯಾಕ ಬ್ಯಾಡ?" ಎಂದ. "ಬ್ಯಾಡಂದ್ರ ಬ್ಯಾಡ" ಎಂದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು ಕೊಡುವ ಉತ್ತರ ಅದಲ್ಲ ಎಂದು ನನಗೇ ಗೊತ್ತಿತ್ತು. ಹುಡುಗ ಹೋಳಿಗೆ ಮುಟ್ಟಲಿಲ್ಲ.

ವಿರಾಟನ ದನಗಳು

ಈ ಜಗಳದ ನಡುವೆಯೇ ಆರನೇ ತರಗತಿಯ ಮೊಮ್ಮಗಳ ತಾಪತ್ರಯ ಬೇರೆ ಇತ್ತು. ದೀಪಾವಳಿ ರಜೆಯಲ್ಲಿ "ನಮ್ಮೂರಿನ ಒಂದು ಆಚರಣೆ, ಅದನ್ನು ಹೋಲುವ ಬೇರೆ ದೇಶದ ಒಂದು ಆಚರಣೆ" ಎಂದು ಪಟ್ಟಿಯಲ್ಲಿ ಬರೆದು, ಚಿತ್ರ ಅಂಟಿಸಿ ತರಬೇಕಂತೆ. "ಹೋರಿ ಹಬ್ಬ ಬರಿ" ಎಂದು ಅಣ್ಣ ಹೇಳಿಕೊಟ್ಟ. "ಅದು ನಮ್ಮ ಕಡೆ ಬಿಟ್ಟು ಜಗತ್ತಿನಾಗ ಎಲ್ಲೂ ಇಲ್ಲ" ಎಂದೂ ಸೇರಿಸಿದ. ಹಾಗಿದ್ದರೆ ಬೇರೆ ದೇಶದ್ದು ಎಲ್ಲಿಂದ ತರುವುದು ಎಂದು ಅವಳು ಅಳು ಮುಖ ಮಾಡಿದಳು. "ನಡೀರಿ, ಹುಡುಕೋಣ" ಎಂದು ಇಬ್ಬರನ್ನೂ ಕರೆದುಕೊಂಡು ಹೊರಟೆ.

ಮೊದಲು ಹಾನಗಲ್ಲು, ನಮ್ಮ ತಾಲ್ಲೂಕಿನ ಊರು. ಶಾಸನಗಳಲ್ಲಿ ಪಾನುಂಗಲ್ ಎಂದಿರುವ ಈ ಊರಿಗೆ ವಿರಾಟನಗರ, ವಿರಾಟಕೋಟೆ ಎಂಬ ಹೆಸರೂ ಇದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ನಮ್ಮ ಜನ ನಂಬಿದ್ದಾರೆ. ಮಹಾಭಾರತದಲ್ಲಿ ವಿರಾಟನ ಊರಿಗೆ ಏನಾಯಿತು ಹೇಳಿ ನೋಡೋಣ ಎಂದೆ. ಮೊಮ್ಮಗಳಿಗೆ ಗೊತ್ತಿತ್ತು. ಕೌರವರು ದನಗಳನ್ನು ಹೊಡೆದುಕೊಂಡು ಹೋದರು, ಬೃಹನ್ನಳೆಯ ವೇಷದ ಅರ್ಜುನ ಉತ್ತರಕುಮಾರನನ್ನು ಕಟ್ಟಿಕೊಂಡು ಹೋಗಿ ಬಿಡಿಸಿ ತಂದ. ಹೌದು, ದನಕ್ಕಾಗಿ ಯುದ್ಧ. ನಾನು ನಸುಕಿನಲ್ಲಿ ಸಗಣಿಯಿಂದ ಪಾಂಡವರನ್ನೇ ಮಾಡಿ ದನದ ಹಟ್ಟಿಯ ಬಾಗಿಲಿಗೆ ಯಾಕೆ ಇಡುತ್ತೇನೆ ಎಂದು ಅವಳಿಗೆ ಆಗ ಹೊಳೆಯಿತು. ನಿಜ ಹೇಳಬೇಕೆಂದರೆ ನನಗೂ ಹೀಗೆ ಜೋಡಿಸಿ ನೋಡಿದ್ದು ಅವತ್ತೇ.

ತಾರಕೇಶ್ವರ ಗುಡಿಗೆ ಹೋದವರೆಲ್ಲ ತಲೆಯೆತ್ತಿ ಒಳಮಾಳಿಗೆಯ ಕಲ್ಲಿನ ಕಮಲ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ಹೊರಗೆ ಇರುವ ವೀರಗಲ್ಲುಗಳ ಮುಂದೆಯೂ ನಿಲ್ಲಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಮಕ್ಕಳೇ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಕೈಲಾಸ, ಲಿಂಗ, ಬಸವಣ್ಣ. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳು ತುರುಗೋಳಿನವು. ತುರು ಎಂದರೆ ದನ. ವೈರಿಗಳು ಊರ ದನ ಹೊಡೆದುಕೊಂಡು ಹೋಗುವುದೇ ತುರುಗೋಳು. ಅದನ್ನು ಬಿಡಿಸಲು ಹೋಗಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು.

"ಹಂಗಾದ್ರ ಹೋರಿ ಹಿಡಿಯಾಕ ಹೋಗಿ ಸತ್ತವರಿಗೂ ಕಲ್ಲು ನಿಲ್ಲಿಸ್ತಾರೇನ?" ಎಂದು ಮೊಮ್ಮಗ ಕೇಳಿದ.

ಇಲ್ಲ ಎಂದೆ. ಅವರ ಫೋಟೊ ಎರಡು ದಿನ ಪೇಪರಿನಲ್ಲಿ ಬರುತ್ತದೆ, ಆಮೇಲೆ ಮನೆಯವರು ಮಾತ್ರ ನೆನೆಸಿಕೊಳ್ಳುತ್ತಾರೆ. ದೀಪಾವಳಿ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಓದುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಅವರಲ್ಲಿ ಎಷ್ಟೋ ಮಂದಿ ನನ್ನ ಅಣ್ಣನಂತೆ ಬದಿಯಲ್ಲಿ ನಿಂತವರು. ಹಾದಿಯಲ್ಲಿ ಸುಮ್ಮನೆ ಹೊರಟಿದ್ದ ಮುದುಕರೂ ಇದ್ದಾರೆ.

ಆಫ್ರಿಕಾದ ಮರದ ಕೆಳಗೆ ಫ್ರಾನ್ಸ್

ಮಗಳನ್ನು ಕೊಟ್ಟದ್ದು ಸವಣೂರಿಗೆ. ಅಲ್ಲಿಗೆ ಹೋದರೆ ಮಕ್ಕಳಿಗೆ ಎರಡು ಕೆಲಸ. ಒಂದು, ಕಾಗದದ ಪೊಟ್ಟಣದಲ್ಲಿ ಸವಣೂರು ಖಾರ ತಿನ್ನುವುದು. ಇನ್ನೊಂದು, ಕಲ್ಮಠದ ದೊಡ್ಡ ಹುಣಸೆ ಮರ ನೋಡುವುದು. ಹೆಸರಿಗೆ ಹುಣಸೆ, ಆದರೆ ಅದು ಆಫ್ರಿಕಾದ ಬಾವೊಬಾಬ್ ಮರ. ಆನೆಯ ಕಾಲಿನಂಥ ಬುಡ. ಹತ್ತಾರು ಮಕ್ಕಳು ಕೈ ಕೈ ಹಿಡಿದರಷ್ಟೇ ಸುತ್ತು ಬರುತ್ತದೆ. ಅಂಥವು ಮೂರು. 2023ರ ಮಳೆಗಾಲದಲ್ಲಿ ಒಂದು ಮರ ಬೇರು ಸಮೇತ ಉರುಳಿದಾಗ ಇಡೀ ಊರೇ ಹಿರಿಯರನ್ನು ಕಳೆದುಕೊಂಡಂತೆ ಸಂಕಟಪಟ್ಟಿತು. ಅದನ್ನು ಕಡಿದು ಸೌದೆ ಮಾಡಲಿಲ್ಲ. ಎತ್ತಿ ಮತ್ತೆ ನೆಟ್ಟರು. ಚಿಗುರಿತು.

ಆ ಮರದ ನೆರಳಲ್ಲಿ ಕೂತು ಮಗಳ ಫೋನಿನಲ್ಲಿ ಹುಡುಕಿದೆವು. ಮೊದಲು ಸಿಕ್ಕದ್ದು ಗ್ರೀಸ್ ದೇಶದ ಕ್ರೀಟ್ ದ್ವೀಪ. ಅಲ್ಲಿನ ಕ್ನೋಸೊಸ್ ಅರಮನೆಯ ಸುಮಾರು 3,500 ವರ್ಷ ಹಿಂದಿನ ಗೋಡೆಚಿತ್ರವೊಂದಿದೆ. ಓಡುವ ಗೂಳಿಯ ಬೆನ್ನ ಮೇಲೆ ಒಬ್ಬ ಲಾಗ ಹಾಕುತ್ತಿದ್ದಾನೆ. ಒಬ್ಬರು ಕೋಡು ಹಿಡಿದಿದ್ದಾರೆ, ಇನ್ನೊಬ್ಬರು ಹಿಂದೆ ಕೈ ಚಾಚಿ ನಿಂತಿದ್ದಾರೆ. ಮೊಮ್ಮಗ ಮೊದಲ ಸಲ ಬಾಯಿ ಮುಚ್ಚಿದ. "ಜಗತ್ತಿನಾಗ ಎಲ್ಲೂ ಇಲ್ಲ" ಎಂಬ ಮಾತು ಅಲ್ಲಿಗೆ ಮುಗಿಯಿತು.

ತಮಿಳುನಾಡಿನ ಜಲ್ಲಿಕಟ್ಟು ಅವನಿಗೂ ಗೊತ್ತಿತ್ತು. ಅಲ್ಲಿಂದ ತಂದ ಹೋರಿಗಳು ನಮ್ಮ ಅಖಾಡಗಳಲ್ಲೂ ಓಡುತ್ತವೆ. ಆದರೆ ಹೆಸರಿನ ಅರ್ಥ ಗೊತ್ತಿರಲಿಲ್ಲ. ಸಲ್ಲಿ ಎಂದರೆ ನಾಣ್ಯ, ಕಟ್ಟು ಎಂದರೆ ಗಂಟು. ಹಿಂದೆ ನಾಣ್ಯದ ಗಂಟನ್ನು ಕೋಡಿಗೆ ಕಟ್ಟಿ, ಬಿಚ್ಚಿಕೊಂಡವನಿಗೆ ಕೊಡುತ್ತಿದ್ದರಂತೆ. ನಮ್ಮದು ಕೊಬ್ಬರಿ, ಅವರದು ಕಾಸು. ದಾಯಾದಿಗಳೇ ಸರಿ.

ನಿಜವಾದ ನೆಂಟರು ಸಿಕ್ಕದ್ದು ಫ್ರಾನ್ಸ್‌ನಲ್ಲಿ. ಆ ದೇಶದ ದಕ್ಷಿಣದಲ್ಲಿ ರೋನ್ ನದಿ ಸಮುದ್ರ ಸೇರುವ ಕಡೆ ಕಮಾರ್ಗ್ ಎಂಬ ಜೌಗು ಸೀಮೆಯಿದೆ. ಆರ್ಲ್, ನೀಮ್ ಎಂಬ ಹಳೆಯ ಪಟ್ಟಣಗಳು ಅದರ ಹತ್ತಿರ. ಅಲ್ಲಿ ಬಿಳಿ ಕುದುರೆಗಳು, ಅವುಗಳ ಮೇಲೆ ಕೂತು ದನ ಕಾಯುವವರು, ಕೋಡು ಮೇಲಕ್ಕೆ ತಿರುಗಿದ ಕಪ್ಪು ಹೋರಿಗಳು. ಆಟದ ದಿನ ಹೋರಿಯ ಹಣೆಗೆ ಒಂದು ಕೆಂಪು ಪಟ್ಟಿ ಕಟ್ಟುತ್ತಾರೆ. ಕೋಡುಗಳ ಬುಡಕ್ಕೆ ಬಿಳಿ ಉಣ್ಣೆಯ ಕುಚ್ಚು, ಸುತ್ತಿದ ದಾರ. ಅಪ್ಪಟ ಬಿಳಿ ಬಟ್ಟೆ ತೊಟ್ಟ ಯುವಕರು ಕೈಯಲ್ಲಿ ಸಣ್ಣ ಕೊಕ್ಕೆ ಹಿಡಿದು, ಓಡುತ್ತಲೇ ಅವನ್ನು ಕಿತ್ತುಕೊಳ್ಳಬೇಕು. ಮೊದಲು ಪಟ್ಟಿ, ಆಮೇಲೆ ಕುಚ್ಚು, ಕೊನೆಗೆ ದಾರ. ಹೋರಿಯ ಹತ್ತಿರ ಹೆಚ್ಚು ಹೊತ್ತು ಪಟ್ಟಿ ಉಳಿದಷ್ಟೂ ಬಹುಮಾನದ ಮೊತ್ತ ಏರುತ್ತದೆ. ಊರಿನ ಅಂಗಡಿಯವರು "ನನ್ನದಿಷ್ಟು, ನನ್ನದಿಷ್ಟು" ಎಂದು ಸೇರಿಸುತ್ತಾರೆ, ಮೈಕಿನವನು ಕೂಗಿ ಹೇಳುತ್ತಾನೆ. ಥೇಟ್ ನಮ್ಮದೇ!

"ಕೊಬ್ಬರಿ ಹೋರಿ! ಕೊಬ್ಬರಿ ಹೋರಿ!" ಎಂದು ಮೊಮ್ಮಗಳು ಕುಣಿದಾಡಿದಳು. ಅವಳ ಪಟ್ಟಿಯ ಕೆಲಸ ಮುಗಿದಂತೆ.

ನಾನು ಮಾತ್ರ ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ನನಗೆ ಕಂಡದ್ದು ಬೇರೆ. ಒಂದು ಹೋರಿಗೆ ಹದಿನೈದೇ ನಿಮಿಷ. ಹೊತ್ತು ಮುಗಿದ ಕೂಡಲೇ ಅದು ತನ್ನ ಹುಲ್ಲುಗಾವಲಿಗೆ ವಾಪಸು. ಪಕ್ಕದ ಸ್ಪೇನಿನ ಗೂಳಿ ಕಾಳಗದಂತೆ ಅದನ್ನು ಕೊಲ್ಲುವುದಿಲ್ಲ. ಇಳಿಯುವ ಹುಡುಗರು ಕೈಬೆರಳೆಣಿಕೆಯಷ್ಟು, ಅದಕ್ಕೆಂದೇ ಶಾಲೆಯಲ್ಲಿ ಕಲಿತವರು. ಸುತ್ತ ಮರದ ಹಲಗೆಯ ಗಟ್ಟಿ ಬೇಲಿ. ಹೋರಿ ಅಟ್ಟಿಸಿಕೊಂಡು ಬಂದರೆ ಅವರು ಕಪ್ಪೆಯಂತೆ ನೆಗೆದು ಬೇಲಿ ಹತ್ತಿ ಆಚೆ ಬೀಳುತ್ತಾರೆ. ನೋಡುವವರು ಎತ್ತರದ ಮೆಟ್ಟಿಲುಗಳಲ್ಲಿ ಕೂತಿದ್ದಾರೆ. ಮುದುಕಿಯರು ಬುತ್ತಿ ಬಿಚ್ಚಿಕೊಂಡು ಆರಾಮಾಗಿ ನೋಡುತ್ತಿದ್ದಾರೆ. ಅಲ್ಲಿಯೂ ಪೆಟ್ಟಾಗುತ್ತದೆ, ಇಲ್ಲವೆನ್ನಲಾರೆ. ಆದರೆ ನೋಡಲು ಬಂದವನ ತೊಡೆಗೆ ಕೋಡು ಹೊಗುವುದು ಅಲ್ಲಿ ಕಷ್ಟ.

ಜಲ್ಲಿಕಟ್ಟಿಗೂ ಈಗ ತಮಿಳುನಾಡು ಸರ್ಕಾರ ಕಟ್ಟುಪಾಡು ಮಾಡಿದೆ. ಹೋರಿಗೂ ಹುಡುಗರಿಗೂ ಮೊದಲೇ ವೈದ್ಯರ ತಪಾಸಣೆ, ಆಟಗಾರನ ಅಂಗಿಗೆ ನಂಬರು, ಬಿದ್ದರೆ ಪೆಟ್ಟಾಗದಂತೆ ನೆಲಕ್ಕೆ ತೆಂಗಿನ ನಾರು, ನೋಡುವವರಿಗೆ ಜೋಡಿ ಬೇಲಿ. ಹಿಡಿಯುವುದಾದರೆ ಡುಬ್ಬ ಮಾತ್ರ ಹಿಡಿಯಬೇಕು. ಬಾಲ, ಕೋಡು ಹಿಡಿಯುವಂತಿಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಲ್ಲಿಸಿತ್ತು. ಆಮೇಲೆ ತಮಿಳುನಾಡು ಕಾನೂನು ತಿದ್ದಿತು. ಕರ್ನಾಟಕವೂ 2017ರಲ್ಲಿ ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಕ್ಕೆಂದು ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಕೋರ್ಟು ಒಪ್ಪಿತೆಂದು ಕೋಡು ಮೊಂಡಾಗುವುದಿಲ್ಲವಲ್ಲ. ಮದುರೆ ಕಡೆಯ ಸಾವಿನ ಸುದ್ದಿಯೂ ಪೂರ್ತಿ ನಿಂತಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನಾಟಿತು. ಕಮಾರ್ಗ್‌ನ ಗೋಡೆಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಹೋರಿಯ ಹೆಸರು. ಹೋರಿ ಚೆನ್ನಾಗಿ ಆಡಿದರೆ ಬ್ಯಾಂಡಿನವರು 'ಕಾರ್ಮೆನ್' ಸಂಗೀತ ನಾಟಕದ ರಾಗ ನುಡಿಸುತ್ತಾರೆ. ಅದು ಹುಡುಗರಿಗಲ್ಲ, ಹೋರಿಗೆ ಸಲ್ಲುವ ಗೌರವ. ವರ್ಷದ ಶ್ರೇಷ್ಠ ಹೋರಿಗೆ 'ಚಿನ್ನದ ಹೋರಿ' ಎಂಬ ಬಿರುದಿದೆ. ಲೆ ಕೈಲಾರ್ ಎಂಬ ಹಳ್ಳಿಯ ಬಾಗಿಲಲ್ಲೇ 1933ರಲ್ಲಿ ಸತ್ತ ಒಂದು ಹೋರಿಯ ಸಮಾಧಿಯಿದೆ. 'ಸಾಂಗ್ಲಿಯೆ' ಅದರ ಹೆಸರು. ಅಂದರೆ ಕಾಡುಹಂದಿ! ನಿಂತ ಭಂಗಿಯಲ್ಲೇ ಹೂಳಿದರಂತೆ.

ಅದನ್ನು ಓದಿದಾಗ ನಮ್ಮ ಹೊಲದ ಬೇವಿನ ಮರ ಕಣ್ಣ ಮುಂದೆ ಬಂತು. ಸಾವಿರಾರು ಮೈಲಿ ಆಚೆ ಯಾವನೋ ಒಬ್ಬ ಅಪ್ಪ ಹೀಗೇ ಅತ್ತಿರಬೇಕು.

ಮೊಮ್ಮಗಳು ಮರದ ಬುಡ ತಟ್ಟುತ್ತ, "ಈ ಮರ ಆಫ್ರಿಕಾದಿಂದ ಬಂದು ನಮ್ಮದಾತು. ಅವರ ಬೇಲಿ ನಮ್ಮೂರಿಗೆ ಬರಾಕ ಏನಾಗೇತಿ?" ಎಂದಳು. ಅಣ್ಣ ಅವಳ ಜಡೆ ಎಳೆದ. ಆದರೆ ಮಾತು ಅವನ ಕಿವಿಗೂ ಬಿದ್ದಿತ್ತು.

ಅಲುಗದ ಎತ್ತು, ಓಡುವ ಹೋರಿ

ಮರುದಿನ ಶಿಗ್ಗಾಂವಿ ಕಡೆ ಹೋದೆವು. ನಾನು ನೌಕರಿ ಮಾಡಿದ್ದು ಅದೇ ತಾಲ್ಲೂಕಿನಲ್ಲಿ. ಹೆದ್ದಾರಿ ಬದಿಯ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿಯನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದ ಜಾಗ ಅದು. ಕುಂಬಾರ, ಕಮ್ಮಾರ, ನೇಕಾರ, ರೊಟ್ಟಿ ಬಡಿಯುವವಳು, ಎಲ್ಲರೂ ನಿಜ ಮನುಷ್ಯರ ಅಳತೆಯವರು. ದೂರದಿಂದ ನೋಡಿ "ಶರಣ್ರೀ" ಎಂದು ಕೈಮುಗಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು. ಸೊಲಬಕ್ಕನವರ ಅವರು 2020ರಲ್ಲಿ ತೀರಿಕೊಂಡರು. ಅವರ ಹಳ್ಳಿ ನಿಂತಿದೆ. ಪಕ್ಕದಲ್ಲೇ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಹಾಡು, ಕುಣಿತ, ಹಬ್ಬ, ಹರಿದಿನಗಳನ್ನೇ ಓದುವುದಕ್ಕೆ ಒಂದು ವಿಶ್ವವಿದ್ಯಾಲಯ ಇದೆ ಎಂದರೆ ಮೊಮ್ಮಗಳು ನಂಬಲೇ ಇಲ್ಲ. "ಪರೀಕ್ಷೆಗೆ ಕುಣೀಬೇಕೇನ?" ಎಂದಳು.

ಅಲ್ಲಿಂದ ಬಂಕಾಪುರ ಕೋಟೆ. ಒಳಗೆ ನಗರೇಶ್ವರ ಗುಡಿ. ಜನ ಕರೆಯುವುದು ಅರವತ್ತು ಕಂಬದ ಗುಡಿ ಎಂದು. ಈ ಕೋಟೆಯ ಸುಮಾರು 139 ಎಕರೆಯಲ್ಲಿ ನವಿಲುಧಾಮವಿದೆ. ಅದರ ಜೊತೆಗೇ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವೂ ಇದೆ. ಬಿಳಿ ಮೈ, ಉದ್ದ ಕೋಡಿನ ಹೋರಿಗಳನ್ನು ಹತ್ತಿರದಿಂದ ಕಂಡಾಗ ಹುಡುಗನ ಕಣ್ಣು ಅರಳಿತು. ಒಂದು ಕರು ಅವನ ಅಂಗಿಯ ತುದಿ ನೆಕ್ಕಿತು. ಅವನು ಅಲ್ಲಿಂದ ಏಳಲೇ ಇಲ್ಲ.

ವರ್ಷವಿಡೀ ನಮ್ಮ ಮಕ್ಕಳು ದನಗಳ ಜೊತೆ ಆಡುವ ಹಬ್ಬಗಳು ಎಷ್ಟಿದ್ದವು ಎಂದು ಅವನಿಗೆ ಹೇಳುತ್ತ ಕೂತೆ. ಕಾರಹುಣ್ಣಿಮೆಗೆ ಎತ್ತಿಗೆ ಬಣ್ಣ ಹಚ್ಚಿ ಕರಿ ಹರಿಯುತ್ತಿದ್ದೆವು. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯ ಮುಂದೆ ನಿಂತು ಜೋಡಿ ಎತ್ತು ತರುತ್ತಿದ್ದೆವು. ಹಸಿ ಮಣ್ಣಿನ ಎತ್ತಿನ ಕೋಡು ಮುರಿದರೆ ಉಗುಳು ಹಚ್ಚಿ ಅಂಟಿಸಿ ಅವ್ವನಿಗೆ ಕಾಣದಂತೆ ಜಗುಲಿಯ ಮೇಲೆ ಇಡುತ್ತಿದ್ದೆವು. ಈಗ ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾಗಿವೆ. ಮನೆಯಲ್ಲಿ ಒಂದು ದನವೂ ಇಲ್ಲದ ಹುಡುಗ ಹಬ್ಬದ ದಿನ ಮಾತ್ರ ಹೋರಿ ನೋಡುತ್ತಾನೆ. ಅದರ ಕಿವಿ ಹಿಂದಕ್ಕೆ ಹೋದರೆ ಏನರ್ಥ, ಬಾಲ ಬಿಗಿದರೆ ಏನರ್ಥ, ಅವನಿಗೆ ತಿಳಿಯದು. ಹೋರಿ ಸಾಕಿದವರ ಮನೆಯ ಹುಡುಗರು ಅಖಾಡದಲ್ಲಿ ಅಷ್ಟು ಮುಂದೆ ನುಗ್ಗುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ತವರಿನ ಅಖಾಡ

ನನ್ನ ತವರೂರಿನಲ್ಲಿ ಹಬ್ಬ ಇಟ್ಟುಕೊಂಡದ್ದು ಸಂಕ್ರಾಂತಿ ಆದಮೇಲೆ. ತಮ್ಮನ ಮಕ್ಕಳು ಈಗಲೂ ಹೋರಿ ಕಟ್ಟುತ್ತಾರೆ. ಮೊಮ್ಮಗನಿಗೆ ಹೇಳಿದೆ: "ಎರಡು ದಿನ ಮೊದಲೇ ಹೋಗೋಣ. ನೀನ ಹೋರಿ ಮೈ ತೊಳಿ, ಮೇವು ಹಾಕು. ನಿಮ್ಮ ಅಜ್ಜನ ಜೋಡಿ ಮಾತಾಡು. ಆಮ್ಯಾಲ ಇಳೀತೀನಿ ಅಂದ್ರ ನೋಡೋಣ."

ಅಣ್ಣ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಮುಂದೆ ಕೊಬ್ಬರಿ ಬಟ್ಟಲುಗಳ ರಾಶಿ. ಊರಿನ ಹೋರಿಗೆ ಕೊಬ್ಬರಿ ಪೋಣಿಸುವವನು ಇವತ್ತಿಗೂ ಅವನೇ. ಹಗ್ಗದ ಗಂಟು ಬಿಗಿಯಾಗಿರಬೇಕು, ಆದರೆ ಎಳೆದರೆ ಹೋರಿಯ ಕೊರಳಿಗೆ ಉರುಲಾಗಬಾರದು. ಆ ಗಂಟು ಅವನಿಗೆ ಮಾತ್ರ ಬರುತ್ತದೆ. ಮೊಮ್ಮಗ ಹತ್ತಿರ ಕೂತು ಬಟ್ಟಲು ಎತ್ತಿ ಕೊಡುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಕೇಳಿದ:

"ಅಜ್ಜಾ, ನಿಮಗ ಹೋರಿ ಮ್ಯಾಲ ಸಿಟ್ಟಿಲ್ಲೇನ್ರಿ?"

"ಹೋರಿ ಏನ್ ಮಾಡ್ತೈತೋ ತಮ್ಮಾ. ಅದು ಮನಿ ಹಾದಿ ಹುಡುಕೊಂಡು ಓಡ್ತೈತಿ. ಅಡ್ಡ ನಿಂತಾವ್ರು ನಾವು."

ಅಂದು ರಾತ್ರಿ ಗುಡಿಯ ಕಟ್ಟೆಯ ಮೇಲೆ ಹಬ್ಬದ ಕಮಿಟಿಯವರು ಕೂತಿದ್ದರು. ತವರಿನ ಹೆಣ್ಣುಮಗಳು, ಅದರಲ್ಲೂ ಮಾಸ್ತರಳು ಎಂದು ನನಗೂ ಒಂದು ಖುರ್ಚಿ ಹಾಕಿದರು. ಫ್ರಾನ್ಸಿನ ವಿಡಿಯೊ ತೋರಿಸಿದೆ. ಹುಡುಗರು ಮುಗಿಬಿದ್ದು ನೋಡಿದರು. ಬೇಲಿ ನೆಗೆಯುವವರನ್ನು ಕಂಡು ಸಿಳ್ಳೆ ಹೊಡೆದರು. ಅಖಾಡದ ಎರಡೂ ಬದಿಗೆ ಬೇಲಿ ಹಾಕಿ, ಚಿಕ್ಕ ಹುಡುಗರನ್ನು ಒಳಗೆ ಬಿಡಬೇಡಿ, ಪಟಾಕಿ ಹೋರಿಯ ಕಾಲ ಬಳಿ ಹಚ್ಚಬೇಡಿ, ಒಂದು ಹೋರಿ ಊರು ದಾಟಿದ ಮೇಲೆಯೇ ಇನ್ನೊಂದು ಬಿಡಿ ಎಂದೆ. ಒಬ್ಬ ಹಿರಿಯರು, "ಬೇಲಿ ಹಾಕಿದ್ರ ಮಜಾ ಎಲ್ಲೈತಿ ಅಕ್ಕಾರ? ಅದು ಸರ್ಕಸ್ ಆಗ್ತೈತಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಹೋರಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ ನಿಲ್ಲುವುದೇ ಈ ಹಬ್ಬ ಎಂದು ನಂಬಿ ಬೆಳೆದವರು ಅವರು. ಅಣ್ಣ ಏನೂ ಮಾತಾಡಲಿಲ್ಲ. ಕೋಲು ಊರಿಕೊಂಡು ಎದ್ದು, ಕುಂಟುತ್ತ ಎಲ್ಲರ ನಡುವಿನಿಂದ ಹಾದು ಮನೆಗೆ ಹೋದ. ಅವನ ಕೋಲಿನ ಸದ್ದು ದೂರವಾಗುವವರೆಗೆ ಯಾರೂ ಬಾಯಿ ಬಿಡಲಿಲ್ಲ.

ಕೊನೆಗೆ ಅರ್ಧ ಕೆಲಸವಾಯಿತು. ಒಂದು ಬದಿಗೆ ಬಿದಿರು ಗಳ ಕಟ್ಟಿದರು, ಇನ್ನೊಂದು ಬದಿಗೆ ಟ್ರ್ಯಾಕ್ಟರ್ ಟ್ರೇಲರುಗಳನ್ನು ಸಾಲಾಗಿ ನಿಲ್ಲಿಸಿದರು. ಹೆಂಗಸರು, ಮಕ್ಕಳು, ಮುದುಕರು ಟ್ರೇಲರ್ ಮೇಲೆ. ಹದಿನೆಂಟು ತುಂಬದವರು ಇಳಿಯಬಾರದು ಎಂದು ಮೈಕಿನಲ್ಲಿ ಕೂಗಿದರು. ಪಟಾಕಿಯ ವಿಷಯದಲ್ಲಿ ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಅಖಾಡದ ತುದಿಯಲ್ಲಿ ಬೇಲಿಯೂ ಇರಲಿಲ್ಲ, ಟ್ರೇಲರೂ ಇರಲಿಲ್ಲ. ಪರ ಊರಿನ ಒಬ್ಬ ಹುಡುಗನ ಮಣಿಕಟ್ಟು ಮುರಿದದ್ದು ಅಲ್ಲೇ.

ಮೊಮ್ಮಗ ಟ್ರೇಲರ್ ಮೇಲೆ ನನ್ನ ಪಕ್ಕ ನಿಂತಿದ್ದ. ಇಳಿಯುತ್ತೇನೆ ಎನ್ನಲಿಲ್ಲ. ನಮ್ಮ ಹೋರಿ ಬಂದಾಗ ಮಾತ್ರ ನನ್ನ ಕೈ ಹಿಡಿದುಕೊಂಡ. ಬೆವರುತ್ತಿತ್ತು, ಯಾರ ಕೈ ಎಂದು ಹೇಳಲಾರೆ. ಹೋರಿ ತಲೆ ತಗ್ಗಿಸಿ, ಜೂಲಾ ಹಾರಿಸುತ್ತ, ಹಲಗೆಯ ಸದ್ದಿಗೆ ಕಿವಿ ಹಿಂದಕ್ಕೆ ಒತ್ತಿ ಓಡಿತು. ನಾಲ್ಕು ಜನ ಮೇಲೆ ಬಿದ್ದರು. ಮೂವರು ಉರುಳಿದರು. ಒಬ್ಬ ಜೋತಾಡುತ್ತ ಇಪ್ಪತ್ತು ಹೆಜ್ಜೆ ಹೋಗಿ ಒಂದು ಮಾಲೆ ಕಿತ್ತೇಬಿಟ್ಟ. ಜನರ ಕೂಗಿಗೆ ಕಿವಿ ಕಿವುಡಾಯಿತು. ನಾನೂ ಕೂಗಿದೆನಂತೆ. ಮೊಮ್ಮಗಳು ಹಾಗೆಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾಳೆ.

ಸಂಜೆ ಹೋರಿ ತಾನಾಗಿಯೇ ಹಟ್ಟಿಗೆ ಬಂದು ಗೋದಲಿಯ ಮುಂದೆ ನಿಂತಿತ್ತು. ಮೊಮ್ಮಗ ಬಿಸಿನೀರಿನಲ್ಲಿ ಅರಿವೆ ಅದ್ದಿ ಅದರ ಕಾಲು ಒರೆಸಿದ. ಅಣ್ಣ ಕೊರಳಿನ ಗಂಟು ಬಿಚ್ಚಿ, ಉಳಿದ ಕೊಬ್ಬರಿ ಮಾಲೆಗಳನ್ನು ಮೊರಕ್ಕೆ ಹಾಕಿದ. ಕಿತ್ತುಹೋದ ಮಾಲೆಯ ಹಗ್ಗದ ತುಂಡೊಂದು ಕೊರಳಲ್ಲೇ ಉಳಿದಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, "ಗಂಟು ಬಿಚ್ಚಿಲ್ಲ. ಹಗ್ಗ ಹರದೈತಿ" ಎಂದ. ಅವನಿಗೆ ಅಷ್ಟೇ ಬೇಕಿತ್ತು.

"ಅಜ್ಜಾ, ನನಗೂ ಆ ಗಂಟು ಕಲಿಸ್ರಿ" ಎಂದು ಹುಡುಗ ಹತ್ತಿರ ಸರಿದ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಹದಿನೆಂಟು ತುಂಬಿದ ಮ್ಯಾಲೆ?" ಎಂದ.

ನಾನು ಮೊರ ಎತ್ತಿಕೊಂಡು ಒಳಗೆ ಹೋದೆ. ಕೊಬ್ಬರಿ ತುರಿಯುವುದಿತ್ತು.